ಹದಿನೇಳರ ಕ್ಲಬ್ಬಿಗೂ ಸಲ್ಲದ, ಇಪ್ಪತ್ತೊಂದರ ಡಿಸ್ಕೋಗೂ ಸಲ್ಲದ ಮೂವರು: ಒಂದು ಕ್ರೂಸ್ ಪ್ರವಾಸದ ಪ್ರಕರಣ

ಹುಬ್ಬಳ್ಳಿ-ಧಾರವಾಡದ ಕಡೆಯಿಂದ ಮನೆಮಂದಿಯೆಲ್ಲ ಕೂಡಿ ಕ್ರೂಸ್‌ಗೆ ಹೋಗುವುದು ಈಗ ಅಪರೂಪವಲ್ಲ. ಇಂಥ ಗುಂಪು ಪ್ರವಾಸ ಹೊಂದಿಸಿಕೊಡುವುದು ನನ್ನ ಕೆಲಸ. ಬುಕಿಂಗ್‌ಗೆ ಮುಂಚೆ ಜನ ಬಹಳ ಪ್ರಶ್ನೆ ಕೇಳುತ್ತಾರೆ. ಅಜ್ಜನಿಗೆ ಗಾಲಿ ಕುರ್ಚಿ ಸಿಗುತ್ತಾ, ಬೆಳ್ಳುಳ್ಳಿ ಈರುಳ್ಳಿ ಇಲ್ಲದ ಊಟ ಇದೆಯಾ, ಚಿಕ್ಕ ಮಕ್ಕಳಿಗೆ ಆಟದ ಕೋಣೆ ಇದೆಯಾ, ಹಡಗು ಅಲ್ಲಾಡುತ್ತಾ. ಮನೆಯಲ್ಲಿ ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು ವರ್ಷದವರಿದ್ದರೆ ಅವರ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ. ಅವರು ದೊಡ್ಡವರಾಗಿದ್ದಾರೆ, ತಮ್ಮ ಪಾಡಿಗೆ ತಾವು ಇರುತ್ತಾರೆ ಅಂತ ಎಲ್ಲರ ಲೆಕ್ಕ. ಆ ಲೆಕ್ಕ ತಪ್ಪು ಅಂತ ನನಗೆ ಖಾತ್ರಿಯಾಗಿದ್ದು ಈ ಪ್ರಕರಣದಿಂದ. ಇಂಥ ವಯಸ್ಸಿನವರನ್ನು ಕರೆದುಕೊಂಡು ಹೊರಟಿರುವ ಬೇರೆ ಮನೆಗಳಿಗೂ ಉಪಯೋಗವಾಗಲಿ ಅಂತ ಪೂರ್ತಿಯಾಗಿ ಬರೆಯುತ್ತಿದ್ದೇನೆ. ಮನೆಯವರ ಒಪ್ಪಿಗೆ ಇದೆ. ಹೆಸರು ಎಲ್ಲೂ ಇಲ್ಲ, ಗುರುತು ಸಿಗುವ ಕೆಲವು ವಿವರ ಬದಲಿಸಿದ್ದೇನೆ, ಹಡಗಿನ ಹೆಸರೂ ಹೇಳುವುದಿಲ್ಲ.

ಯಾರು, ಎಲ್ಲಿಗೆ

ಅಜ್ಜನಿಗೆ 75 ತುಂಬಿತ್ತು. ಆ ಸಂತೋಷಕ್ಕೆ ಮೂವರು ಗಂಡುಮಕ್ಕಳ ಸಂಸಾರ ಒಟ್ಟಿಗೆ ಹೊರಟಿದ್ದು. ಒಂದು ಮನೆ ಹುಬ್ಬಳ್ಳಿಯದು, ಒಂದು ಧಾರವಾಡದ್ದು, ಇನ್ನೊಂದು ಗದಗಿನದು. ಒಟ್ಟು 14 ಜನ, ಅವರ ಜೊತೆ ನಾನೂ. ಹುಬ್ಬಳ್ಳಿಯಿಂದ ರಾತ್ರಿ ಬಸ್ಸಿನಲ್ಲಿ ಮುಂಬೈ, ಅಲ್ಲಿಂದ ನಾಲ್ಕು ರಾತ್ರಿಯ ಹಡಗು. ಎರಡನೇ ದಿನ ಪೂರ್ತಿ ಸಮುದ್ರ, ಮೂರನೇ ದಿನ ಲಕ್ಷದ್ವೀಪದ ಅಗತ್ತಿ, ನಾಲ್ಕನೇ ದಿನ ಮತ್ತೆ ಸಮುದ್ರ, ಐದನೇ ದಿನ ಬೆಳಗ್ಗೆ ವಾಪಸ್ ಮುಂಬೈ.

ಮೊಮ್ಮಕ್ಕಳು ಆರು ಜನ. ಧಾರವಾಡದ ಮನೆಯ ಚಿಕ್ಕ ಹುಡುಗಿಗೆ 8 ವರ್ಷ, ಅವಳ ಚಿಂತೆ ಇರಲಿಲ್ಲ. ಮಕ್ಕಳ ಕ್ಲಬ್ಬಿಗೆ ಹೋದವಳು ಊಟಕ್ಕೂ ಬರಲು ಒಪ್ಪುತ್ತಿರಲಿಲ್ಲ. ಗದಗಿನ ದೊಡ್ಡ ಹುಡುಗನಿಗೆ 22, ಬೆಂಗಳೂರಿನಲ್ಲಿ ನೌಕರಿ, ಅವನಿಗೆ ಎಲ್ಲ ಬಾಗಿಲೂ ತೆರೆದಿತ್ತು. ಹುಬ್ಬಳ್ಳಿಯ ಹುಡುಗನಿಗೆ 17. ಉಳಿದ ಮೂವರೇ ಈ ಪ್ರಕರಣದ ಮುಖ್ಯ ಪಾತ್ರಗಳು: ಗದಗಿನ ಹುಡುಗಿ 18, ಆಗಷ್ಟೇ ಪಿಯುಸಿ ಮುಗಿಸಿದ್ದಳು. ಹುಬ್ಬಳ್ಳಿಯ ಹುಡುಗಿ 19, ಎಂಜಿನಿಯರಿಂಗ್. ಧಾರವಾಡದ ಹುಡುಗ 20, ಕೃಷಿ ಪದವಿ ಓದುತ್ತಿದ್ದ.

ಹಡಗಿನ ನಿಯಮ ಹೀಗಿತ್ತು. ಹದಿಹರೆಯದವರ ಕೋಣೆ 13ರಿಂದ 17ರವರಿಗೆ. ಕ್ಯಾಸಿನೋ, ಬಾರ್, ರಾತ್ರಿಯ ಡಿಸ್ಕೋ 21 ತುಂಬಿದವರಿಗೆ. ನಡುವಿನ ಮೂರು ವರ್ಷಕ್ಕೆ ಏನೂ ಇಲ್ಲ. ಇದು ಈ ಒಂದೇ ಹಡಗಿನ ಕೊರತೆ ಅಂದುಕೊಳ್ಳಬೇಡಿ. ಹೊರದೇಶದ ದೊಡ್ಡ ಕಂಪನಿಗಳಲ್ಲೂ ಇದೇ ಕಥೆ. ಕಾರ್ನಿವಲ್‌ನವರು 12ರಿಂದ 14ಕ್ಕೆ ಒಂದು ಕ್ಲಬ್, 15ರಿಂದ 17ಕ್ಕೆ ಇನ್ನೊಂದು ಇಟ್ಟಿದ್ದಾರೆ. ನಾರ್ವೇಜಿಯನ್‌ನವರದು 13ರಿಂದ 17. ಎರಡೂ ಕಡೆ ಹದಿನೇಳಕ್ಕೇ ಗೆರೆ. ಡಿಸ್ನಿಯವರು ಮಾತ್ರ 18ರಿಂದ 20ರವರಿಗೆ ಅಂತಲೇ ‘1820 ಸೊಸೈಟಿ’ ಹೆಸರಿನಲ್ಲಿ ಕೂಟ ನಡೆಸುತ್ತಾರೆ. ಅಷ್ಟು ದೊಡ್ಡ ಕಂಪನಿ ಇದಕ್ಕೆ ಬೇರೆ ಹೆಸರಿಟ್ಟು ಜಾಗ ಮಾಡಿದೆ ಅಂದರೆ ತೊಂದರೆ ನಿಜವಾಗಿಯೂ ಇದೆ ಅಂತ ತಾನೇ?

ಮೊದಲ ರಾತ್ರಿ

ಊಟ ಆಯಿತು, ರಂಗಮಂದಿರದಲ್ಲಿ ಜಾದೂ ಪ್ರದರ್ಶನ ಆಯಿತು. ಹಿರಿಯರು ಮಲಗಲು ಹೊರಟರು. 22ರ ಅಣ್ಣ ಡಿಸ್ಕೋಗೆ ಹೋದ. ಅವನ ಹಿಂದೆ ಹೋದ ಮೂವರನ್ನು ಬಾಗಿಲಲ್ಲೇ ಕಾರ್ಡ್ ನೋಡಿ ವಾಪಸ್ ಕಳಿಸಿದರು. ಹಡಗಿನ ಕಾರ್ಡ್‌ನಲ್ಲೇ ಹುಟ್ಟಿದ ದಿನ ಇರುತ್ತದೆ, ಮಾತಾಡಿ ಒಪ್ಪಿಸುವ ಪ್ರಶ್ನೆಯೇ ಇಲ್ಲ. ಅಣ್ಣ ಒಂದು ನಿಮಿಷ ನಿಂತು ನೋಡಿ ಒಳಗೆ ಹೋದ. ಅವನ ತಪ್ಪೂ ಅಲ್ಲ ಅದು, ದುಡಿಮೆಯ ನಡುವೆ ಸಿಕ್ಕ ರಜೆ. 17ರ ಹುಡುಗ ಹದಿಹರೆಯದವರ ಕೋಣೆಗೆ ಹೋಗಿ ಹತ್ತೇ ನಿಮಿಷಕ್ಕೆ ಎದ್ದು ಬಂದ. ಅಲ್ಲಿದ್ದವರೆಲ್ಲ ಎಂಟನೇ ಒಂಬತ್ತನೇ ಕ್ಲಾಸಿನವರು.

ಮೂವರೂ ಏಳನೇ ಡೆಕ್ಕಿನ ಮೆಟ್ಟಿಲ ಮೇಲೆ ಕೂತಿದ್ದರು. ನಾನು ಆ ದಾರಿಯಲ್ಲೇ ಬಂದೆ. ‘ಇಲ್ಲಿ ನಮ್ಮ ವಾರಿಗಿ ಮಂದಿ ಎಲ್ಲಿ ಅದಾರ ಅಂತನ ಗೊತ್ತಾಗವಲ್ದು’ ಅಂದ ಧಾರವಾಡದ ಹುಡುಗ. ಹಡಗಿನಲ್ಲಿ ಸಾವಿರಕ್ಕಿಂತ ಜಾಸ್ತಿ ಜನ. ಅದರಲ್ಲಿ ಇವರ ವಯಸ್ಸಿನವರು ಇಲ್ಲವೇ ಇಲ್ಲ ಅನ್ನಲು ಸಾಧ್ಯವಿಲ್ಲ. ಆದರೆ ಕಣ್ಣಿಗೆ ಬೀಳುತ್ತಿರಲಿಲ್ಲ.

ಮರುದಿನ ಬೆಳಗ್ಗೆ ಹುಬ್ಬಳ್ಳಿಯ ಹುಡುಗಿ ತಿಂಡಿಗೆ ಬರಲಿಲ್ಲ. ಮಧ್ಯಾಹ್ನದವರೆಗೂ ಕ್ಯಾಬಿನ್ನಿನಲ್ಲೇ ಮುಸುಕು ಹಾಕಿ ಮಲಗಿದ್ದಳು. ಫೋನಿನಲ್ಲಿ ಮೊದಲೇ ಇಳಿಸಿಟ್ಟುಕೊಂಡಿದ್ದ ಸೀರಿಯಲ್ ನೋಡುತ್ತಿದ್ದಳು. ಅವರಪ್ಪನಿಗೆ ಸಿಟ್ಟು ಬಂತು. ಇಷ್ಟು ದುಡ್ಡು ಸುರಿದು ಕರೆದುಕೊಂಡು ಬಂದರೆ ಮನೆಯಲ್ಲಿ ಮಾಡುವುದನ್ನೇ ಇಲ್ಲೂ ಮಾಡುತ್ತಾಳೆ ಅಂತ ಎಲ್ಲರೆದುರು ಅಂದರು. ಮಗಳು ಅತ್ತಳು. ಅಜ್ಜನ ಸಂಭ್ರಮಕ್ಕೆ ಬಂದ ಮನೆಯಲ್ಲಿ ಎರಡನೇ ದಿನವೇ ಮುಖ ಮುಖ ನೋಡದ ಪರಿಸ್ಥಿತಿ.

ತೊಂದರೆ ಎಲ್ಲಿತ್ತು

ಹಡಗಿನಲ್ಲಿ ಮನರಂಜನೆಗೆ ಬರ ಇರಲಿಲ್ಲ. ಈಜುಕೊಳ, ಬಂಡೆ ಹತ್ತುವ ಗೋಡೆ, ಕ್ಯಾರಿಯೋಕೆ, ಕ್ವಿಜ್, ತಂಬೋಲಾ ಎಲ್ಲ ಇತ್ತು. ಇಪ್ಪತ್ತರ ಹುಡುಗ ಒಬ್ಬನೇ ಹೋಗಿ ತಂಬೋಲಾ ಆಡುತ್ತಾನಾ? ಮೇಜಿನ ಸುತ್ತ ಐವತ್ತು ದಾಟಿದವರು ಕೂತಿರುವ ಕ್ವಿಜ್‌ಗೆ ಹದಿನೆಂಟರ ಹುಡುಗಿ ಹೋಗಿ ಕೂರುತ್ತಾಳಾ? ಇಂಥವಕ್ಕೆಲ್ಲ ಜೊತೆ ಬೇಕು, ಆ ಜೊತೆ ಅಣ್ಣತಮ್ಮ ಅಕ್ಕತಂಗಿಯರ ಆಚೆಗೂ ಸ್ವಲ್ಪ ಇರಬೇಕು.

ಇನ್ನೊಂದು ಸಂಗತಿ ಜನರಿಗೆ ಹೊಳೆಯುವುದಿಲ್ಲ. ದಡ ದೂರವಾಗುತ್ತಿದ್ದಂತೆ ಮೊಬೈಲ್ ಟವರ್ ಹೋಗಿಬಿಡುತ್ತದೆ. ಹಡಗಿನ ವೈಫೈ ಉಪಗ್ರಹದಿಂದ ಬರುವಂಥದ್ದು, ಅದಕ್ಕೆ ಬೇರೆ ದುಡ್ಡು, ಅದೂ ದುಬಾರಿ. ಫೋನನ್ನು ಫ್ಲೈಟ್ ಮೋಡ್‌ನಲ್ಲಿ ಇಡದಿದ್ದರೆ ಹಡಗಿನ ನೆಟ್‌ವರ್ಕ್ ಹಿಡಿದು ರೋಮಿಂಗ್ ಬಿಲ್ ಬರುವ ಭಯ ಬೇರೆ. ಈ ಮಕ್ಕಳು ಊರಲ್ಲಿ ಭೇಟಿಯಾಗುವುದೇ ವಾಟ್ಸಾಪ್‌ನಲ್ಲಿ ‘ಎಲ್ಲಿದೀಯಾ’ ಅಂತ ಕೇಳಿಕೊಂಡು. ಇಲ್ಲಿ ಅದು ನಡೆಯುವುದಿಲ್ಲ. ಹೊಸಬರ ಜೊತೆ ಹಾಗಿರಲಿ, ಸ್ವಂತ ಅಣ್ಣ ಯಾವ ಡೆಕ್ಕಿನಲ್ಲಿದ್ದಾನೆ ಅಂತಲೂ ಗೊತ್ತಾಗುವುದಿಲ್ಲ. ಹಾಗಾಗಿ ಗೊತ್ತಾದ ಒಂದು ಜಾಗ, ಗೊತ್ತಾದ ಒಂದು ಹೊತ್ತು ಇಲ್ಲದೆ ಯಾರೂ ಯಾರನ್ನೂ ಕೂಡುವುದಿಲ್ಲ. ಮದುವೆ ಮನೆಯಲ್ಲಿ ಅಡುಗೆ ಕೋಣೆಯ ಹಿಂದಿನ ಕಟ್ಟೆ ಹುಡುಗರ ಜಾಗ ಅಂತ ಯಾರೂ ಹೇಳದೆ ಆಗಿಬಿಡುತ್ತದೆ, ಅಂಥ ಕಟ್ಟೆ ಈ ಹಡಗಿನಲ್ಲಿ ಇರಲಿಲ್ಲ.

ಏನೇನು ಮಾಡಿದರು

ಮೊದಲ ಪ್ರಯತ್ನ ಮನೆಯವರದ್ದೇ. ಎರಡನೇ ದಿನ ಮಧ್ಯಾಹ್ನ ಗದಗಿನ ಕಾಕು ಎಲ್ಲರನ್ನೂ ಕೂಡಿಸಿ ಅಂತ್ಯಾಕ್ಷರಿ ಶುರು ಮಾಡಿದರು. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಮೂವರೂ ಬಂದರು, ಕೂತರು, ತಮ್ಮ ಸರದಿ ಬಂದಾಗ ಒಂದೊಂದು ಸಾಲು ಹಾಡಿದರು, ಮುಗಿಯುತ್ತಲೇ ಎದ್ದರು. ಹಿರಿಯರಿಗೆ ಖುಷಿಯಾಯಿತು. ಮಕ್ಕಳಿಗೆ ಅದು ಹಾಜರಿ ಹಾಕಿದ ಹಾಗಾಯಿತು.

ಆಮೇಲೆ ನಾನು ಆ ಮೂವರ ಜೊತೆ ಕೂತೆ. ನಿಮಗೇನು ಬೇಕು ಅಂತ ಕೇಳಿದೆ. ಡಿಸ್ಕೋ ಬೇಕು ಅನ್ನಬಹುದು ಅಂತಿದ್ದೆ. ಅನ್ನಲಿಲ್ಲ. ಹುಬ್ಬಳ್ಳಿಯ ಹುಡುಗಿ ಹೇಳಿದ ಮಾತು ಇಡೀ ಪ್ರಕರಣದ ದಿಕ್ಕು ಬದಲಿಸಿತು. ಹಡಗು ಹೊರಡುವ ಮುಂಚಿನ ಸುರಕ್ಷತಾ ತಾಲೀಮಿನಲ್ಲಿ ತನ್ನ ವಯಸ್ಸಿನವರನ್ನು ಬಹಳ ಜನ ನೋಡಿದ್ದೆ ಅಂದಳು. 2012ರಲ್ಲಿ ಇಟಲಿಯ ದಡದ ಹತ್ತಿರ ಕೋಸ್ಟಾ ಕಾನ್ಕಾರ್ಡಿಯಾ ಹಡಗು ಬಂಡೆಗೆ ಬಡಿದು ಮಗುಚಿದ ಮೇಲೆ ಈ ತಾಲೀಮಿನ ಅಂತರರಾಷ್ಟ್ರೀಯ ನಿಯಮ ಬಿಗಿಯಾಗಿದೆ. 2015ರಿಂದ ಹಡಗು ಹೊರಡುವ ಮುಂಚೆ ಅಥವಾ ಹೊರಟ ಕೂಡಲೇ ಮಾಡಲೇಬೇಕು. ಈ ಹಡಗಿನಲ್ಲಿ ಎಲ್ಲರನ್ನೂ ಗುಂಪು ಗುಂಪಾಗಿ ನಿಲ್ಲಿಸಿ ಮಾಡಿಸಿದ್ದರು. ನಿಂತ ಸಾಲಿನಲ್ಲಿ ಅವಳು ತನ್ನಂತೆಯೇ ಅಪ್ಪ ಅಮ್ಮನ ಪಕ್ಕ ಬೇಜಾರಿನಿಂದ ನಿಂತಿದ್ದ ಏಳೆಂಟು ಜನರನ್ನು ಲೆಕ್ಕ ಹಾಕಿದ್ದಳು. ಆಮೇಲೆ ಅವರೆಲ್ಲ ಎಲ್ಲೋ ಕರಗಿ ಹೋದರು.

ಜನ ಇದ್ದಾರೆ ಅಂತಾಯಿತು. ಕೂಡಿಸುವುದಷ್ಟೇ ಬಾಕಿ.

ನಾನು ಮತ್ತು ಅವಳು ಮನರಂಜನಾ ವಿಭಾಗದ ಮೇಲ್ವಿಚಾರಕರನ್ನು ಹೋಗಿ ಕಂಡೆವು. 18ರಿಂದ 20ರವರಿಗೆ ಏನೂ ಇಲ್ಲ, ಆದರೆ ಜಾಗ ಹೊತ್ತು ಹೇಳಿದರೆ ದಿನದ ಕಾರ್ಯಕ್ರಮ ಪಟ್ಟಿಯಲ್ಲಿ ಒಂದು ಸಾಲು ಹಾಕಿಸಬಹುದು ಅಂದರು. ಆ ಪಟ್ಟಿ ದಿನಾ ರಾತ್ರಿ ಎಲ್ಲ ಕ್ಯಾಬಿನ್ನಿನ ಬಾಗಿಲ ಕೆಳಗೆ ಬರುತ್ತದೆ. ಅವತ್ತಿನದು ಆಗಲೇ ಹಂಚಿ ಆಗಿತ್ತು. ಅವರೇ ದೊಡ್ಡ ಮನಸ್ಸು ಮಾಡಿ ಆ ಸಂಜೆಗೆ ಸ್ಪೀಕರ್‌ನಲ್ಲಿ ಘೋಷಣೆ ಮಾಡಿಸಿದರು, ಲಿಫ್ಟ್ ಪಕ್ಕದ ಬೋರ್ಡಿನ ಮೇಲೆ ಬರೆಸಿದರು.

ಜಾಗದ ಬಗ್ಗೆ ಚರ್ಚೆ ಆಯಿತು. ಇದಕ್ಕೆ ಸ್ವಲ್ಪ ಜಾಸ್ತಿ ಜಾಗ ಕೊಡುತ್ತೇನೆ, ಯಾಕೆಂದರೆ ಇಲ್ಲಿ ತೆಗೆದುಕೊಂಡ ತೀರ್ಮಾನವೇ ಕೆಲಸ ಮಾಡಿತು ಅಂತ ನನ್ನ ನಂಬಿಕೆ. ಈಜುಕೊಳದ ಡೆಕ್ ಎಲ್ಲರಿಗೂ ಗೊತ್ತು, ಆದರೆ ಅಲ್ಲಿ ಸದಾ ಹಾಡಿನ ಗದ್ದಲ, ಮಾತು ಕೇಳುವುದಿಲ್ಲ. ಮೇಲಾಗಿ ಗಾಳಿ. ಇಸ್ಪೀಟು ಎಲೆ ಇಟ್ಟರೆ ಹಾರಿ ಸಮುದ್ರಕ್ಕೆ ಹೋಗುತ್ತದೆ. ಮಧ್ಯಾಹ್ನ ಖಾಲಿ ಇರುವ ಡಿಸ್ಕೋ ಹಾಲ್ ಕೊಡುತ್ತೇವೆ ಅಂದರು ಹಡಗಿನವರು. ದೊಡ್ಡದು, ತಂಪು, ಆದರೆ ಹಿಂದೆ ಸಾಲಾಗಿ ಬಾಟಲಿ. ಹುಡುಗಿಯರ ಮನೆಯವರು ಕಳಿಸುವುದಿಲ್ಲ ಅಂತ ಗದಗಿನ ಹುಡುಗಿ ಥಟ್ಟನೆ ಹೇಳಿದಳು. ಕಡೆಗೆ ಆಯ್ಕೆಯಾಗಿದ್ದು ಊಟದ ಹಾಲಿಗೆ ಹೋಗುವ ದಾರಿಯ ಪಕ್ಕದ ಇಸ್ಪೀಟಿನ ಕೋಣೆ. ಚಿಕ್ಕದು. ಒಂದು ಬದಿ ಗಾಜಿನ ಗೋಡೆ. ಬಾಗಿಲು ಸದಾ ತೆರೆದೇ ಇರುತ್ತದೆ. ಊಟಕ್ಕೆ ಹೋಗುವ ತಂದೆ ತಾಯಿ ನಡೆಯುತ್ತಲೇ ಒಮ್ಮೆ ನೋಡಬಹುದು, ಒಳಗೆ ಬಂದು ಕೂರುವ ಕಾರಣ ಇರುವುದಿಲ್ಲ. ಆ ವಯಸ್ಸಿಗೆ ಬೇಕಾದ್ದೂ ಅದೇ. ಮನೆಯವರ ಕಣ್ಣಳತೆಯಲ್ಲಿ ಇರಬೇಕು, ಕಿವಿಯಳತೆಯಲ್ಲಿ ಇರಬಾರದು.

ಹುಬ್ಬಳ್ಳಿಯ ಹುಡುಗಿ ಒಂದು ಷರತ್ತು ಹಾಕಿದಳು. ಮೈಕ್ ಹಿಡಿದು ‘ಎಲ್ಲರೂ ಪರಿಚಯ ಮಾಡಿಕೊಳ್ಳಿ’ ಅನ್ನುವ ಸಿಬ್ಬಂದಿ ಬೇಡ. ನಾನೂ ಬೇಡ. ಅವಳೇ ಬಾಗಿಲ ಹತ್ತಿರ ಕೂರುತ್ತಾಳೆ. ಒಪ್ಪಿದೆವು. ಸಂಜೆ 5 ಗಂಟೆಗೆ ಒಂದು ಸಲ, ರಾತ್ರಿ 10ಕ್ಕೆ ಇನ್ನೊಂದು ಸಲ ಅಂತ ಬರೆಸಿದೆವು. ಎರಡನೇ ಪಂಕ್ತಿಯ ಊಟ ಮತ್ತು ರಂಗಮಂದಿರದ ಪ್ರದರ್ಶನ ಎರಡೂ ಮುಗಿಯುವುದು ಆ ಹೊತ್ತಿಗೆ.

ಪಿಸ್ತಾ ಸಿಪ್ಪೆಯ ಚೌಕಾಬಾರ

ಸಂಜೆ 5ಕ್ಕೆ ಬಂದದ್ದು ಈ ಮೂವರು, ಜೊತೆಗೆ ಪುಣೆಯ ಒಬ್ಬ ಹುಡುಗಿ. ಕಾಲು ಗಂಟೆ ಯಾವ ಕಾಲೇಜು, ಯಾವ ಊರು ಅಂತ ಮಾತಾಡಿ ಸುಮ್ಮನಾದರು. ಇದನ್ನೆಲ್ಲ ಆಮೇಲೆ ಅವರೇ ಹೇಳಿದ್ದು. ಪುಣೆಯ ಹುಡುಗಿ ಎದ್ದು ಹೋಗುವುದರಲ್ಲಿದ್ದಳಂತೆ. ಗದಗಿನ ಹುಡುಗಿ ಕಾರ್ಯಕ್ರಮ ಪಟ್ಟಿಯ ಹಿಂದಿನ ಖಾಲಿ ಬದಿಗೆ ಪೆನ್ನಿನಲ್ಲಿ ಐದು ಅಡ್ಡ ಐದು ಉದ್ದ ಮನೆ ಎಳೆದಳು. ಚೌಕಾಬಾರದ ಮನೆ. ನಡುವಿನ ಮನೆಗೂ ನಾಲ್ಕು ಬದಿಯ ನಡುಮನೆಗೂ ಕತ್ತರಿ ಗುರುತು ಹಾಕಿದಳು. ಕವಡೆ ಎಲ್ಲಿಂದ ತರುವುದು? ಮೇಜಿನ ಮೇಲಿನ ಬಟ್ಟಲಲ್ಲಿ ಯಾರೋ ತಿಂದುಬಿಟ್ಟ ಪಿಸ್ತಾ ಸಿಪ್ಪೆ ಇತ್ತು. ನಾಲ್ಕು ಒಳ್ಳೆಯ ಸಿಪ್ಪೆ ಆರಿಸಿ ಕರವಸ್ತ್ರದಲ್ಲಿ ಒರೆಸಿದಳು. ಒಂದು ಬದಿ ಉಬ್ಬು, ಒಂದು ಬದಿ ಗುಳಿ, ಕವಡೆಗೆ ಇನ್ನೇನು ಬೇಕು. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಬಾರ, ಅಂದರೆ ಎಂಟು. ಕಾಯಿಗೆ ಸಕ್ಕರೆ ಪೊಟ್ಟಣ, ಬಾಟಲಿ ಮುಚ್ಚಳ, ಹರಿದ ಟಿಶ್ಯೂ ಉಂಡೆ, ಕೂದಲಿನ ಕ್ಲಿಪ್.

ಗಾಜಿನ ಗೋಡೆಯ ಆಚೆ ಹೋಗುತ್ತಿದ್ದವರು ನಿಂತು ನೋಡಿದರು. ಹೈದರಾಬಾದಿನ ಒಬ್ಬ ಹುಡುಗ ಒಳಗೆ ಬಂದು, ಇದು ನಮ್ಮ ಅಜ್ಜಿ ಮನೆಯ ಅಷ್ಟಾ ಚೆಮ್ಮ ಅಲ್ವಾ, ನೀವು ತಪ್ಪು ಆಡುತ್ತಿದ್ದೀರಿ ಅಂದ. ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವ ಹಾಗಿಲ್ಲ ಅಂತ ಅವನ ವಾದ. ಗದಗಿನ ಮನೆಯಲ್ಲಿ ಹಾಗೆ ಆಡುವುದಿಲ್ಲ. ಜಗಳ ಶುರುವಾಯಿತು. ನಿಜವಾದ, ಖುಷಿಯ ಜಗಳ. ಪುಣೆಯ ಹುಡುಗಿ ಮೂರನೇ ನಿಯಮ ಒಂದನ್ನು ತಂದಳು. ಆರು ಗಂಟೆಗೆ ನಾನು ಆ ದಾರಿಯಲ್ಲಿ ಹೋದಾಗ ಎಂಟು ಜನ ಇದ್ದರು, ಇಬ್ಬರು ನಿಂತೇ ಇದ್ದರು, ಹಾಳೆಯ ಒಂದು ಮೂಲೆ ಹರಿದಿತ್ತು. ಇಂಗ್ಲಿಷ್, ಹಿಂದಿ, ಸ್ವಲ್ಪ ಮರಾಠಿ, ಸ್ವಲ್ಪ ಕನ್ನಡ ಎಲ್ಲ ಕಲಸಿದ ಮಾತು.

ರಾತ್ರಿ 10ಕ್ಕೆ ಹನ್ನೆರಡು ಜನ. ಅವತ್ತು ಆಡಿದ್ದು ಮಾಫಿಯಾ. ಕಾಲೇಜು ಹುಡುಗರಿಗೆಲ್ಲ ಗೊತ್ತಿರುವ ಆಟ, ಸಾಮಾನು ಏನೂ ಬೇಡ, ಹತ್ತು ಜನ ಇದ್ದರೆ ರಂಗೇರುತ್ತದೆ. ಸುಳ್ಳು ಹೇಳುವವರು ಯಾರು ಅಂತ ಕಂಡುಹಿಡಿಯಬೇಕಾದ್ದರಿಂದ ಒಬ್ಬರ ಮುಖ ಒಬ್ಬರು ನೋಡಲೇಬೇಕು, ಎಲ್ಲರೂ ಮಾತಾಡಲೇಬೇಕು. ನಾಚಿಕೆಯವರಿಗೂ ಸರದಿ ಬರುತ್ತದೆ.

ಅಪ್ಪ ಬಂದ ಹೊತ್ತು

ಅದೇ ರಾತ್ರಿ ಹನ್ನೊಂದರ ಸುಮಾರಿಗೆ ಹುಬ್ಬಳ್ಳಿಯ ಹುಡುಗಿಯ ಅಪ್ಪ ಆ ಕೋಣೆಗೆ ಬಂದರು. ಸಾಕು, ಮಲಗು ನಡಿ ಅಂದರು. ಗದಗಿನ ಹುಡುಗಿಯನ್ನೂ ಎಬ್ಬಿಸಿದರು. ಧಾರವಾಡದ ಹುಡುಗನಿಗೆ ಏನೂ ಅನ್ನಲಿಲ್ಲ. ಹನ್ನೆರಡು ಜನರೆದುರು ಇಬ್ಬರು ಹುಡುಗಿಯರು ಎದ್ದು ಹೋದರು. ಆಟ ಅಲ್ಲಿಗೇ ನಿಂತಿತು.

ಪ್ರಕರಣ ಇಲ್ಲಿಗೇ ಮುಗಿದುಹೋಗಬಹುದಿತ್ತು. ಜಾಗ, ಹೊತ್ತು, ಆಟ ಎಲ್ಲ ಸರಿ ಹೊಂದಿದರೂ ಮನೆಯ ಒಪ್ಪಂದ ಇಲ್ಲದಿದ್ದರೆ ಏನೂ ಉಳಿಯುವುದಿಲ್ಲ. ಮೂರನೇ ದಿನ ಬೆಳಗ್ಗೆ ತಿಂಡಿಯ ಮೇಜಿನ ಮೇಲೆ ಮಾತು ಬಂತು. ಹುಡುಗಿ ಅಳಲಿಲ್ಲ, ಸಿಟ್ಟೂ ಮಾಡಲಿಲ್ಲ. ‘ಅವನಿಗೆ ಎಷ್ಟು ಹೊತ್ತೋ ನನಗೂ ಅಷ್ಟೇ ಹೊತ್ತು ಹೇಳ್ರಿ, ಹತ್ತಾದರೂ ಸರಿ’ ಅಂದಳು. ಅಪ್ಪ ಉತ್ತರಿಸಲಿಲ್ಲ. ಆಗ ಆಯಿ, ಅಂದರೆ ಮಕ್ಕಳ ಅಜ್ಜಿ, ಬಾಯಿ ಬಿಟ್ಟರು. ಇಡ್ಲಿ ಮುರಿಯುತ್ತಲೇ, ‘ಹಡಗ ಬಿಟ್ಟ ಎಲ್ಲಿ ಹೊಕ್ಕಾವ ಅವು?’ ಅಂದರು. ಎಲ್ಲರೂ ನಕ್ಕರು, ಅಪ್ಪನೂ ನಕ್ಕರು.

ಆಯಿಯ ಮಾತಿನಿಂದ ಬಿಗಿ ಸಡಿಲವಾಯಿತು ನಿಜ. ಆದರೆ ಆ ಮಾತನ್ನೇ ನಂಬಿ ಕೂರುವುದು ಸರಿಯಲ್ಲ ಅಂತ ನಾನು ಅಲ್ಲೇ ಹೇಳಿದೆ. ಹಡಗಿನಲ್ಲೂ ಕಾಳಜಿ ಬೇಕು. ಸಾರ್ವಜನಿಕ ಜಾಗಗಳಲ್ಲಿ ಕ್ಯಾಮೆರಾ ಇರುತ್ತದೆ, ಸಿಬ್ಬಂದಿ ಓಡಾಡುತ್ತಿರುತ್ತಾರೆ. ಕ್ಯಾಬಿನ್ನಿನ ಒಳಗೆ ಯಾರೂ ಇರುವುದಿಲ್ಲ. 21 ತುಂಬಿದವರು ಬಾರಿನಿಂದ ತಂದು ಚಿಕ್ಕವರ ಕೈಗೆ ಕೊಡುವುದು ಎಲ್ಲ ಹಡಗಿನಲ್ಲೂ ಇರುವ ತಲೆನೋವು. ರಾತ್ರಿ ತೆರೆದ ಡೆಕ್ ಗಾಳಿಗೆ, ತೇವಕ್ಕೆ ಜಾರುತ್ತದೆ. ಹಾಗಾಗಿ ಮಾತಾಡಿ ಕೆಲವು ನಿಯಮ ಮಾಡಿಕೊಂಡರು. ರಾತ್ರಿ 12ರವರೆಗೆ, ಹುಡುಗ ಹುಡುಗಿ ಎಲ್ಲರಿಗೂ ಒಂದೇ. ಇರುವುದು ಇಸ್ಪೀಟಿನ ಕೋಣೆಯಲ್ಲಿ ಅಥವಾ ತಿಂಡಿ ಸಿಗುವ ಡೆಕ್ಕಿನಲ್ಲಿ. ಬೇರೆಯವರ ಕ್ಯಾಬಿನ್ನಿಗೆ ಹೋಗುವುದಿಲ್ಲ, ಯಾರನ್ನೂ ತಮ್ಮ ಕ್ಯಾಬಿನ್ನಿಗೆ ಕರೆಯುವುದಿಲ್ಲ. ವಾಪಸ್ ಬಂದ ಮೇಲೆ ಅಮ್ಮನ ಬಾಗಿಲು ಎರಡು ಸಲ ತಟ್ಟುವುದು.

ಅಪ್ಪ ಇನ್ನೊಂದು ಸೇರಿಸಲು ನೋಡಿದರು. 22ರ ಅಣ್ಣ ಜೊತೆಗಿರಲಿ ಅಂತ. ಅಣ್ಣನೇ ಬೇಡ ಅಂದ. ‘ನಾನು ಕಾವಲಿಗೆ ಕೂತರೆ ಅಲ್ಲಿ ಯಾರೂ ಬರುವುದಿಲ್ಲ’ ಅಂದ. ಅವನ ಮೇಲೆ ನನಗೆ ಗೌರವ ಬಂದದ್ದು ಆಗಲೇ.

ಅಗತ್ತಿಯಲ್ಲಿ ಹಡಗು ದೂರದಲ್ಲಿ ಲಂಗರು ಹಾಕುತ್ತದೆ, ಸಣ್ಣ ಬೋಟಿನಲ್ಲಿ ದಡಕ್ಕೆ ಹೋಗಬೇಕು. ಆ ಎಂಟು ಹತ್ತು ಜನ ಒಂದೇ ಬೋಟಿನಲ್ಲಿ ಹೋದರು, ತಮ್ಮ ತಮ್ಮ ಅಮ್ಮಂದಿರನ್ನೂ ಅದೇ ಬೋಟಿಗೆ ಹತ್ತಿಸಿಕೊಂಡರು. ಅಮ್ಮಂದಿರು ಅಲ್ಲೇ ಪರಿಚಯವಾದರು. ಅಲ್ಲಿಂದ ಮುಂದೆ ಮನೆಯವರ ಅರ್ಧ ಭಯ ಹೋಯಿತು.

ಸರಿ ಹೋಗದ ಎರಡು ವಿಷಯ

ಮೊದಲನೆಯದು ದೊಡ್ಡ ಕಾರ್ಯಕ್ರಮ. ಇಸ್ಪೀಟಿನ ಕೋಣೆ ತುಂಬುವುದನ್ನು ನೋಡಿ ಹಡಗಿನವರಿಗೆ ಉತ್ಸಾಹ ಬಂತು. ನಾಲ್ಕನೇ ದಿನ ಸಂಜೆ 6ಕ್ಕೆ ಡಿಸ್ಕೋ ಹಾಲಿನಲ್ಲಿ ಯುವಕರ ಪಾರ್ಟಿ ಅಂತ ಪಟ್ಟಿಯಲ್ಲಿ ಹಾಕಿದರು. ಡಿಜೆ, ಬಣ್ಣದ ದೀಪ, ಬಾರಿಗೆ ಬೀಗ, ಹಣ್ಣಿನ ರಸ. ಕಳಕಳಿಯಿಂದಲೇ ಮಾಡಿದ್ದು. ಬಂದವರು ಒಂಬತ್ತು ಜನ, ಮುನ್ನೂರು ಜನ ಹಿಡಿಯುವ ಹಾಲಿಗೆ. ಎಲ್ಲರೂ ಗೋಡೆಗೆ ಒರಗಿ ನಿಂತರು. ಡಿಜೆ ಮೈಕಿನಲ್ಲಿ ಕರೆದಷ್ಟೂ ಇನ್ನಷ್ಟು ಗೋಡೆಗೆ ಅಂಟಿಕೊಂಡರು. ಅರ್ಧ ಗಂಟೆಗೆ ಒಬ್ಬೊಬ್ಬರೇ ಜಾರಿ ಇಸ್ಪೀಟಿನ ಕೋಣೆಗೆ ಬಂದರು, ಅಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಗದ್ದಲ. ನಾನು ಇದನ್ನು ಹೀಗೆ ಅರ್ಥ ಮಾಡಿಕೊಳ್ಳುತ್ತೇನೆ: ಕೈಗೆ ಏನಾದರೂ ಕೆಲಸ ಇದ್ದಾಗ, ಕಣ್ಣು ಹಾಳೆಯ ಮೇಲೆ ಇದ್ದಾಗ ಮಾತು ತಾನಾಗಿ ಬರುತ್ತದೆ. ಖಾಲಿ ನೆಲದ ಮೇಲೆ ನಿಲ್ಲಿಸಿ ‘ಖುಷಿಪಡಿ’ ಅಂದರೆ ಬರುವುದಿಲ್ಲ. ಜಾಗ ಚಿಕ್ಕದಿದ್ದಷ್ಟೂ ಒಳ್ಳೆಯದು. ಎಂಟು ಜನಕ್ಕೇ ತುಂಬಿದ ಹಾಗೆ ಕಾಣುವ ಕೋಣೆಗೆ ಒಂಬತ್ತನೆಯವರು ಧೈರ್ಯವಾಗಿ ಬರುತ್ತಾರೆ.

ಎರಡನೆಯದು ಹುಬ್ಬಳ್ಳಿಯ 17ರ ಹುಡುಗ. ಅವನಿಗೆ ಅಕ್ಕನ ಗುಂಪಿಗೆ ಸೇರುವ ಆಸೆ. ಹಡಗಿನ ನಿಯಮದ ಪ್ರಕಾರ 18ರ ಒಳಗಿನವರು ರಾತ್ರಿ 11ರ ಮೇಲೆ ಹಿರಿಯರಿಲ್ಲದೆ ಓಡಾಡುವ ಹಾಗಿಲ್ಲ. ಗುಂಪಿನವರು ಕೂತು, ಸಂಜೆಯ ಕೂಟಕ್ಕೆ 17ರವರೂ ಬರಲಿ, ರಾತ್ರಿಯದು 18 ತುಂಬಿದವರಿಗೆ ಅಂತ ತೀರ್ಮಾನಿಸಿದರು. ನ್ಯಾಯವಾದ ತೀರ್ಮಾನ. ಆದರೆ ಅವನಿಗೆ ಇನ್ನು ನಾಲ್ಕು ತಿಂಗಳಲ್ಲಿ 18 ತುಂಬುತ್ತಿತ್ತು. ರಾತ್ರಿ ಹತ್ತಾದರೆ ಅಕ್ಕ ಹೋಗುತ್ತಾಳೆ, ಅವನು ಅಜ್ಜನ ಜೊತೆ ಕ್ಯಾಬಿನ್ನಿನಲ್ಲಿ. ಸಂಜೆಯ ಕೂಟಕ್ಕೂ ಎರಡನೇ ಸಲ ಬರಲಿಲ್ಲ. ಕೊನೆಯವರೆಗೂ ಮುಖ ಊದಿಸಿಕೊಂಡೇ ಇದ್ದ. ಅವನಿಗೆ ಯಾರ ಹತ್ತಿರವೂ ಉತ್ತರ ಇರಲಿಲ್ಲ.

ಆಮೇಲೆ

ಕೊನೆಯ ರಾತ್ರಿ ಚೀಲ ಕಟ್ಟಿ ಹೊರಗಿಟ್ಟ ಮೇಲೆ ಹದಿನಾಲ್ಕು ಹುಡುಗ ಹುಡುಗಿಯರು ಆ ಕೋಣೆಯಲ್ಲಿದ್ದರು. ಫೋನ್ ನಂಬರ್ ಕಾಗದದ ಮೇಲೆ ಬರೆದು ಹಂಚಿಕೊಂಡರು, ಟವರ್ ಇರಲಿಲ್ಲವಲ್ಲ. ವಾಟ್ಸಾಪ್ ಗುಂಪು ಎರಡು ತಿಂಗಳು ಜೋರಾಗಿ ನಡೆದು ಆಮೇಲೆ ತಣ್ಣಗಾಯಿತು. ಪುಣೆಯ ಹುಡುಗಿ ಮತ್ತು ಹುಬ್ಬಳ್ಳಿಯ ಹುಡುಗಿ ಈಗಲೂ ಮಾತಾಡುತ್ತಾರೆ. ಹುಡುಗಿಯ ಅಪ್ಪ ನನ್ನ ಹತ್ತಿರ ಹೇಳಿದ್ದು ಬೇರೆಯೇ. ನಾಲ್ಕನೇ ದಿನ ಮಗಳು ತಾನಾಗಿ ಬಂದು ಅಜ್ಜನ ಪಕ್ಕ ಕೂತು ಎರಡು ತಾಸು ಹರಟೆ ಹೊಡೆದಳಂತೆ. ವಾರಿಗೆಯವರ ಜೊತೆ ಕಳೆಯಲು ತನ್ನದೇ ಹೊತ್ತು ಸಿಕ್ಕ ಮೇಲೆ ಮನೆಯವರ ಜೊತೆ ಕೂರುವುದು ಅವಳಿಗೆ ಶಿಕ್ಷೆ ಅನ್ನಿಸಲಿಲ್ಲ. ಇಡೀ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಮುಟ್ಟಿದ್ದು ಇದು. ಮಕ್ಕಳನ್ನು ಬಿಟ್ಟರೆ ಕುಟುಂಬ ಪ್ರವಾಸ ಒಡೆದು ಹೋಗುತ್ತದೆ ಅಂತ ಹಿರಿಯರು ಹೆದರುತ್ತಾರೆ, ಇಲ್ಲಿ ಆಗಿದ್ದು ಉಲ್ಟಾ.

ಈಗ ಬುಕಿಂಗ್‌ಗೆ ಬಂದವರಿಗೆ ನಾನೇ ಮುಂದಾಗಿ ಕೇಳುತ್ತೇನೆ, 17ರಿಂದ 21ರೊಳಗಿನವರು ಯಾರಿದ್ದಾರೆ, ಹುಟ್ಟಿದ ದಿನ ಯಾವುದು ಅಂತ. ಕಂಪನಿಗಳು ಸಾಮಾನ್ಯವಾಗಿ ಹಡಗು ಹತ್ತುವ ದಿನದ ವಯಸ್ಸು ನೋಡುತ್ತವೆ. ಹೊರದೇಶದ ಹಡಗಾದರೆ ಎಲ್ಲಿಂದ ಹೊರಡುತ್ತದೆ ಅನ್ನುವುದೂ ಮುಖ್ಯ. ಉದಾಹರಣೆಗೆ ರಾಯಲ್ ಕೆರಿಬಿಯನ್‌ನಲ್ಲಿ ಕುಡಿಯುವ ವಯಸ್ಸು ಅಮೆರಿಕದಿಂದ ಹೊರಟರೆ 21, ಏಷ್ಯಾ ಅಥವಾ ಯುರೋಪಿನಿಂದ ಹೊರಟರೆ 18. ಅಂದರೆ ಅದೇ ಮಗು ಒಂದು ಹಡಗಿನಲ್ಲಿ ಚಿಕ್ಕದು, ಇನ್ನೊಂದರಲ್ಲಿ ದೊಡ್ಡದು. ಮನೆಯ ನಿಯಮ ಯಾವುದು ಅಂತ ಹಡಗಿನ ನಿಯಮ ನೋಡಿ ಅಲ್ಲ, ಹೊರಡುವ ಮುಂಚೆ ಊರಲ್ಲೇ ಕೂತು ಮಾತಾಡಿಕೊಳ್ಳಿ ಅನ್ನುತ್ತೇನೆ. ಆ ಮಾತುಕತೆಗೆ ಮಕ್ಕಳನ್ನೂ ಕೂರಿಸಿಕೊಳ್ಳಿ. ಚೀಲದಲ್ಲಿ ಒಂದು ಜೋಡಿ ಇಸ್ಪೀಟು, ನಾಲ್ಕು ಕವಡೆ ಇರಲಿ. ಹಡಗಿನವರಿಗೆ ಕೂಟದ ಸಾಲು ಮೊದಲ ದಿನದ ಪಟ್ಟಿಯಲ್ಲೇ ಬರಲಿ ಅಂತ ಮುಂಚೆಯೇ ಪತ್ರ ಬರೆಯುತ್ತೇನೆ. ಎರಡನೇ ಸಂಜೆ ಶುರುವಾದರೆ ನಾಲ್ಕು ರಾತ್ರಿಯ ಪ್ರವಾಸದಲ್ಲಿ ಕಾಲುಭಾಗ ಹೋದ ಹಾಗೆ.

ಹದಿನೇಳೂವರೆಯವರ ಪ್ರಶ್ನೆಗೆ ಕ್ಯಾಲೆಂಡರ್ ನೋಡುವುದೊಂದೇ ದಾರಿ ನನಗೆ ಕಂಡದ್ದು. ಹಾವೇರಿಯ ಒಂದು ಕುಟುಂಬ ದಸರಾ ರಜೆಗೆ ಇದೇ ಥರ ಹೊರಟಿತ್ತು. ಇಬ್ಬರು ಅಕ್ಕತಂಗಿಯರು 19 ಮತ್ತು 20, ತಮ್ಮನಿಗೆ 18 ತುಂಬಲು ಮೂರು ವಾರ ಬಾಕಿ. ಈ ಹುಬ್ಬಳ್ಳಿ ಹುಡುಗನ ಕಥೆ ಅವರಿಗೆ ಹೇಳಿದೆ. ಅಪ್ಪ ಮೊದಲು ಒಪ್ಪಲಿಲ್ಲ, ದಸರಾಕ್ಕೆ ಅಂಗಡಿ ಮುಚ್ಚುವುದು ಸುಲಭ ಅಂತ ಅವರ ವಾದ. ತಾಯಿ ಮಗನ ಮುಖ ನೋಡಿ, ದೀಪಾವಳಿ ಪಾಡ್ಯ ಮುಗಿಸಿ ಹೋಗೋಣ ಅಂದರು. ಟಿಕೆಟ್ ಬದಲಿಸಲು ಸ್ವಲ್ಪ ದುಡ್ಡು ಹೋಯಿತು, ಕೊಟ್ಟರು.